ಹರಿಗೋಲಿಗೆ ಕಟ್ಟಿದ ಜೋಡಿ ಮೋಟರು

ಕ್ಯಾಟಲಾಗ್ ಕಂಡರೆ ನನಗೆ ಮೈ ಉರಿಯುತ್ತದೆ. ಇದು ನಿನ್ನೆ ಮೊನ್ನೆ ಹತ್ತಿದ ಕಾಯಿಲೆಯಲ್ಲ, ಇಪ್ಪತ್ತು ವರ್ಷದ್ದು. ಮನೆಯಲ್ಲಿ ಎಲ್ಲರಿಗೂ ಗೊತ್ತು, ಬೀದಿಯಲ್ಲಿ ಅರ್ಧ ಜನಕ್ಕೆ ಗೊತ್ತು. ಆದರೂ ಆದಿವಾಲದ ಚನ್ನಬಸಪ್ಪ ಮೊನ್ನೆ ಬೆಳಿಗ್ಗೆ, ನಾನಿನ್ನೂ ರೊಟ್ಟಿ ಮುರಿಯುತ್ತಿರುವಾಗಲೇ ಬಂದು, ಕಂಕುಳಲ್ಲಿದ್ದ ದಪ್ಪನೆಯ ಕ್ಯಾಟಲಾಗನ್ನು ತೆಗೆದು ನನ್ನ ತಟ್ಟೆಯ ಪಕ್ಕಕ್ಕೇ ಇಟ್ಟ.

"ಬಾವಿಗೊಂದು ಎಂಜಿನ್ ತರ್ಸಾಣ ಅಂತ ಮಾಡೀನಿ ಮೇಷ್ಟ್ರೆ. ಇದ್ರಾಗೆ ಹತ್ತು ಹದಿನೈದು ಥರ ಅವೆ. ನಮ್ಮ ಬಾವಿಗೆ ಯಾವುದು ಸರಿ ಅಂತ ನೋಡಿ ಒಂದು ಗುರ್ತು ಹಾಕಿಕೊಡ್ರಿ."

"ನಾನು ನಿನ್ನ ಬಾವಿನೂ ನೋಡಿಲ್ಲ, ಎಂಜಿನ್ನೂ ನೋಡಿಲ್ಲ" ಅಂದೆ.

"ನೋಡೋದೇನೈತ್ರಿ ಅದ್ರಾಗೆ? ನಿಮಗೆ ಇಂಗ್ಲಿಷ್ ಬರ್ತೈತಲ್ಲ."

ನೋಡಿದಿರಾ, ಇದೇ ಮಾತು. ಇಂಗ್ಲಿಷ್ ಬಂದವನಿಗೆ ಎಂಜಿನ್ ಬರುತ್ತದೆ, ಔಷಧಿ ಬರುತ್ತದೆ, ಕಾನೂನು ಬರುತ್ತದೆ, ದೋಣಿ ಬರುತ್ತದೆ. ನನಗೆ ಬರುತ್ತಿದ್ದುದು ಲೋವರ್ ಸೆಕೆಂಡರಿ ಇಂಗ್ಲಿಷು. ಅದರಲ್ಲಿ ಒಂದು ನರಿ, ಒಂದು ಕಾಗೆ, ಒಬ್ಬ ಸತ್ಯವಂತ ಸೌದೆ ಕಡಿಯುವವನು ಇದ್ದರು. ಅಷ್ಟನ್ನು ಕಟ್ಟಿಕೊಂಡು ಹಿರಿಯೂರಿಗೆ ಮೇಷ್ಟರಾಗಿ ಹೋದಾಗ ನನಗೆ ಇಪ್ಪತ್ತಮೂರು. ಹೋದ ವಾರದಲ್ಲೇ ಊರಿನ ತಂತಿಗಳೆಲ್ಲ ನನ್ನ ಕೈಗೆ ಬರತೊಡಗಿದವು. ಅಲ್ಲಿಗೆ ತಂತಿ ಬರುತ್ತಿದ್ದುದು ಯಾರಾದರೂ ಸತ್ತಾಗ ಮಾತ್ರ. ಆರು ತಿಂಗಳಾಗುವಷ್ಟರಲ್ಲಿ ನಾನು ಯಾವ ಬೀದಿಗೆ ಕಾಲಿಟ್ಟರೂ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲಿಗೆ ಬರುತ್ತಿದ್ದರು. ತರಕಾರಿ ತರಲು ಹೋಗುವುದೇ ಕಷ್ಟವಾಗಿ, ಊರ ಹೊರಗಿನಿಂದ ಸುತ್ತಿ ಹೋಗುತ್ತಿದ್ದೆ.

ಆದರೆ ನಿಜ ಹೇಳುತ್ತೇನೆ, ಆ ಮರ್ಯಾದೆ ನನಗೆ ಹಿತವಾಗಿಯೇ ಇತ್ತು. ಔಷಧಿ ಸೀಸೆಯ ಮೇಲಿನ ಚೀಟಿಯನ್ನು ಕನ್ನಡಕ ಏರಿಸಿ ಓದುತ್ತಿದ್ದೆ. ಕನ್ನಡಕ ನನಗೆ ಬೇಕಿರಲಿಲ್ಲ, ಚಿತ್ರದುರ್ಗದಲ್ಲಿ ಒಂದು ಹಳೆಯದು ಸಿಕ್ಕಿತ್ತು. ಇನ್ನೊಂದು ಅಭ್ಯಾಸವೂ ಆಗಲೇ ಅಂಟಿಕೊಂಡಿತು. ತರಗತಿಯಲ್ಲಿ ನಾನು ಬರೆಯುತ್ತಿರುವಾಗ ಯಾವನಾದರೂ ಹುಡುಗ ಬಾಯಿ ತೆರೆದರೆ, ತಲೆ ಎತ್ತದೆಯೇ ಎಡಗೈ ಮೇಲೆತ್ತಿ ಅಂಗೈ ತೋರಿಸುತ್ತಿದ್ದೆ. 'ಇರು' ಎಂದು ಅದರ ಅರ್ಥ. ಮನೆಯಲ್ಲೂ ಹಾಗೇ. ನನ್ನ ಹೆಂಡತಿ, "ನಿಮ್ಮ ಕೈ ಇಳಿಯೋ ಹೊತ್ತಿಗೆ ಸಾರು ಆರಿಹೋಗಿರತ್ತೆ" ಎಂದು ಬೈಯುತ್ತಿದ್ದಳು, ಈಗಲೂ ಬೈಯುತ್ತಾಳೆ.

ಸಿಟ್ಟಿನಲ್ಲಿ ದಾರಿ ತಪ್ಪಿದೆ. ದೋಣಿಯ ವಿಷಯ ಹೇಳಬೇಕು.

ನಾನು ದುರ್ಗದ ಕಲ್ಲುಗಳ ಸಂದಿಯಲ್ಲಿ ಹುಟ್ಟಿ ಬೆಳೆದವನು. ನಮ್ಮಜ್ಜಿ ಮುಖ ತೊಳೆದ ನೀರನ್ನು ನುಗ್ಗೆ ಗಿಡಕ್ಕೆ ಹಾಕುತ್ತಿದ್ದಳು, ಅಕ್ಕಿ ತೊಳೆದದ್ದನ್ನು ಹಸುವಿಗೆ ಇಡುತ್ತಿದ್ದಳು, ಚೊಂಬಿನ ತಳದಲ್ಲಿ ಒಂದು ಗುಟುಕು ಉಳಿಸಿದ ಮೊಮ್ಮಕ್ಕಳಿಗೆ ತಲೆಯ ಮೇಲೆ ಮೊಟಕುತ್ತಿದ್ದಳು. ಮಳೆಗಾಲದಲ್ಲಿ ಬೀದಿಯಲ್ಲಿ ನೀರು ಹರಿದರೆ ನಾವು ಅದರ ಹಿಂದೆ ಓಡಿ ಎಲ್ಲಿಗೆ ಹೋಗುತ್ತದೆಂದು ನೋಡುತ್ತಿದ್ದೆವು. ಅದು ದೂರವೇನೂ ಹೋಗುತ್ತಿರಲಿಲ್ಲ. ಶಾಲೆಯ ಪುಸ್ತಕದಲ್ಲಿ ಒಂದು ಹಡಗಿನ ಚಿತ್ರವಿತ್ತು. ಅದನ್ನು ನಮ್ಮ ಮೇಷ್ಟ್ರು, ಅವರೂ ಕಂಡವರಲ್ಲ, "ಇದು ಚಕ್ರ ಇಲ್ಲದ ಗಾಡಿ ಕಣ್ರೋ" ಎಂದು ವಿವರಿಸಿದರು. ನಮಗೆಲ್ಲ ತೃಪ್ತಿಯಾಯಿತು. ಎತ್ತು ಎಲ್ಲಿ ಎಂದು ಒಬ್ಬ ಕೇಳಿದ, ಅವನಿಗೆ ಏಟು ಬಿತ್ತು.

ಇಂಥ ಸೀಮೆಗೆ ಒಂದು ದಿನ ಸಮುದ್ರ ಬಂದು ನಿಂತಿತು. ಮಾರಿಕಣಿವೆಗೆ ಕಟ್ಟೆ ಕಟ್ಟಿ ವೇದಾವತಿಯನ್ನು ನಿಲ್ಲಿಸಿದರಲ್ಲ, ಆಗ. ಹಿರಿಯೂರಿಂದ ಹೊಸದುರ್ಗದ ಕಡೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ಸಂಜೆಗೆ ನೆಂಟರ ಮನೆ ಸೇರುತ್ತಿದ್ದ ಕಾಲುದಾರಿಗಳು ನೀರಿನಡಿ ಹೋದವು. ಸುತ್ತಿ ಹೋಗಬೇಕೆಂದರೆ ಎರಡು ದಿನ. ಆಚೆ ದಡಕ್ಕೆ ಮಗಳನ್ನು ಕೊಟ್ಟವರು ಈಚೆ ದಡದಲ್ಲಿ ನಿಂತು ನೀರು ನೋಡುವುದು ನನ್ನ ಕಣ್ಣಿಗೇ ಬಿದ್ದಿದೆ. ಹಾಗಾಗಿ ಜನರನ್ನು ದಾಟಿಸುವ ಗುತ್ತಿಗೆ ಅಂತ ಒಂದಾಯಿತು. ಅದನ್ನು ಹಿಡಿದವರು ಹಿರಿಯೂರ ಪೇಟೆಯ ಹತ್ತಿ ವ್ಯಾಪಾರಿ ರುದ್ರಪ್ಪ ಸಾಹುಕಾರರು.

ಸಾಹುಕಾರರಿಗೆ ದೋಣಿ ಗೊತ್ತಿರಲಿಲ್ಲ. ಹಿರಿಯೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಹರಿಹರದ ಹೊಳೆಯ ಕಡೆ ಆಳು ಕಳಿಸಿ ಅಂಬಿಗರ ಹನುಮಣ್ಣ ಎಂಬುವನನ್ನು ಕರೆಸಿದರು. ನಲವತ್ತು ದಾಟಿದ ಆಳು, ಮಾತು ಕಮ್ಮಿ. ಹೆಂಡತಿ ಗಂಗವ್ವನನ್ನು, ಒಂದು ಆಡನ್ನು, ಎಮ್ಮೆ ಚರ್ಮ ಬಿಗಿದ ದೊಡ್ಡ ಹರಿಗೋಲನ್ನು, ಒಬ್ಬನೇ ಕೂತು ಮೀನು ಹಿಡಿಯುವ ಪುಟ್ಟ ಹರಿಗೋಲನ್ನು ತಂದು ದಡದಲ್ಲಿ ಗುಡಿಸಲು ಹಾಕಿಕೊಂಡ. ಊರಲ್ಲಿ ಅವನ ಪಾಲಿನ ಕಡವನ್ನು, ಅಂದರೆ ಹೊಳೆ ದಾಟಿಸುವ ಜಾಗವನ್ನು, ಅಣ್ಣತಮ್ಮಂದಿರು ಆಗಲೇ ಹಂಚಿಕೊಂಡಿದ್ದರು. ಇಲ್ಲಿ ಕೆಲಸ ಹೋದರೆ ಅಲ್ಲಿ ಅವನಿಗೆ ಜಾಗವಿರಲಿಲ್ಲ. ಇದನ್ನು ಗಂಗವ್ವ ನನ್ನ ಹೆಂಡತಿಗೆ ಹೇಳಿದ್ದಳು, ಗುಡಿಸಲಿನ ಮೇಲೆ ಸೋರೆ ಬಳ್ಳಿ ಹಬ್ಬಿಸಲು ನಮ್ಮಲ್ಲಿಗೆ ಬೀಜ ಕೇಳಲು ಬಂದಾಗ.

ಎರಡು ವರ್ಷ ಅವನು ಜನ ದಾಟಿಸಿದ. ಭಾನುವಾರ ನಾನೂ ಹೋಗಿ ಕೂರುತ್ತಿದ್ದೆ. ಹರಿಗೋಲೆಂದರೆ ಒಂದು ದೊಡ್ಡ ಬುಟ್ಟಿ ತಾನೆ. ಅವನು ಅದರ ಅಂಚಿಗೆ ಮಂಡಿಯೂರಿ ಕೂತು, ಹುಟ್ಟನ್ನು ಮುಂದಕ್ಕೆ ಚಾಚಿ, ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಾನು ಅದನ್ನೆಲ್ಲ ನೋಡಿದವನೇ. ನೋಡುತ್ತಲೇ ಆಚೆ ದಡದ ಗುಡ್ಡದ ಬಣ್ಣ ಹೇಗಿದೆ ಎಂದು ಯೋಚಿಸುತ್ತಿದ್ದೆ.

ಆಗ ಸಾಹುಕಾರರು ಬೆಂಗಳೂರಿಗೆ ಹೋಗಿಬಂದರು. ಅಲ್ಲಿ ಬೀದಿ ದೀಪ ತಾನಾಗಿ ಹತ್ತಿದ್ದನ್ನು ಕಂಡು ಬಂದ ಮೇಲೆ ಅವರು ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಕರೆಂಟಿನ ವಿಷಯ. ಬರುವಾಗ ಒಂದು ಕ್ಯಾಟಲಾಗ್ ತಂದಿದ್ದರು. ಅದರ ನಡುಪುಟದಲ್ಲಿ ಒಂದು ಚಿತ್ರ. ಟೋಪಿ ಹಾಕಿದ ದೊರೆಯೊಬ್ಬ ಉದ್ದನೆ ದೋಣಿಯ ಹಿಂಭಾಗದಲ್ಲಿ ಕಾಲು ಚಾಚಿ ಕೂತಿದ್ದಾನೆ, ಕೈಯಲ್ಲಿ ಒಂದು ಹಿಡಿ, ಹಿಡಿಯ ಕೆಳಗೆ ನೀರಿನಲ್ಲಿ ಮುಳುಗಿದ ಒಂದು ಗುಂಡು, ಗುಂಡಿಗೆ ಮೂರು ಹಿತ್ತಾಳೆ ರೆಕ್ಕೆ. ಬ್ಯಾಟರಿಯಿಂದ ಓಡುವ ಮೋಟರು. ಸಣ್ಣ ದೋಣಿಗೆಂದೇ ಮಾಡಿದ್ದು.

"ಹುಟ್ಟು ಹಾಕೋದು, ಬೆವರೋದು, ಇದೆಲ್ಲ ಹಳೇ ಕಾಲದ್ದಾತು ಮೇಷ್ಟ್ರೆ. ಇದನ್ನ ತರ್ಸಾಣ" ಅಂದರು ಸಾಹುಕಾರರು. ಆಮೇಲೆ ಅಂಗಡಿ ಮುಂದೆ ಹಗ್ಗ ಕೊಳ್ಳಲು ಬಂದಿದ್ದ ಹನುಮಣ್ಣನ ಕಡೆ ತಿರುಗಿ ಚಿತ್ರ ತೋರಿಸಿದರು. "ಲೇ ಹನುಮಾ, ಕೇಳಿಸ್ಕ. ಇದು ಬಂದು ಓಡ್ತು ಅಂದ್ರೆ ನಿಂದು ಇಲ್ಲಿ ಕೆಲಸ ಇಲ್ಲ. ಯುಗಾದಿ ಹೊತ್ತಿಗೆ ಊರಿಗೆ ಹೋಗಾಕೆ ತಯಾರಿ ಮಾಡ್ಕ."

"ಆಗ್ಲಿ ಬಿಡ್ರಿ" ಅಂದ ಹನುಮಣ್ಣ. ಹಗ್ಗವನ್ನು ಮೊಳದಲ್ಲಿ ಅಳೆದುಕೊಂಡು ಹೋದ.

ಈಗ ಆ ಕ್ಯಾಟಲಾಗಿನ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಕಂಪನಿಯವರು ದಡ್ಡರಾಗಿರಲಿಲ್ಲ. ಅವರ ಬಳಿ ಸಣ್ಣದರಿಂದ ದೊಡ್ಡದರವರೆಗೆ ಏಳು ಥರದ ಮೋಟರಿದ್ದವು. ಯಾರಿಗೆ ಯಾವುದು ಸರಿಹೋಗುತ್ತದೆಂದು ತಿಳಿಯಲು ಹಿಂದಿನ ಪುಟದಲ್ಲಿ ಒಂದು ಫಾರಂ ಹಾಕಿದ್ದರು. ನಿಮ್ಮ ದೋಣಿಯ ಉದ್ದವೆಷ್ಟು? ಜನ ತುಂಬಿದಾಗ ತೂಕವೆಷ್ಟು? ಹಿಂದಿನ ಹಲಗೆ ನೀರಿನಿಂದ ಎಷ್ಟು ಎತ್ತರ? ನೀರಿನಲ್ಲಿ ಜೊಂಡು, ಗಿಡಗಂಟೆ ಉಂಟೇ? ಒಂದು ಸಲಕ್ಕೆ ಎಷ್ಟು ದೂರ ಹೋಗಬೇಕು? ಇಷ್ಟಕ್ಕೆ ಸರಿಯಾಗಿ ಉತ್ತರ ಬರೆದು ಕಳಿಸಿದರೆ ತಕ್ಕ ಮೋಟರನ್ನು ನಾವೇ ಆರಿಸಿ ಕಳಿಸುತ್ತೇವೆ ಎಂದು ಮುದ್ರಿಸಿದ್ದರು. ಎಷ್ಟು ಸಭ್ಯವಾದ ಪ್ರಶ್ನೆಗಳು! ಈಗ ನೆನೆದರೆ ಒಂದೊಂದೂ ಕೆನ್ನೆಗೆ ಹೊಡೆದ ಹಾಗಿದೆ.

ಒಂದು ಸಂಜೆ ಸಾಹುಕಾರರ ಅಂಗಡಿಯ ಗಾದಿಯ ಮೇಲೆ ಕೂತು ನಾನು ಆ ಫಾರಂ ತುಂಬಿದೆ. ಕನ್ನಡಕ ಹಾಕಿಕೊಂಡಿದ್ದೆ. ಪಕ್ಕದಲ್ಲಿ ಸಾಹುಕಾರರು, ಅವರ ಭಾಮೈದ ವೀರಭದ್ರಪ್ಪ. ಕೆರೆ ಅಲ್ಲಿಂದ ಮೂರು ಗಾವುದವೇನಲ್ಲ, ಎತ್ತಿನ ಗಾಡಿ ಕಟ್ಟಿದರೆ ಹೋಗಿ ನೋಡಿಬರಬಹುದಿತ್ತು. ನಮ್ಮಲ್ಲಿ ಒಬ್ಬನೂ ಏಳಲಿಲ್ಲ.

ಮೊದಲನೆಯದು, ಉದ್ದ. ಬುಟ್ಟಿಗೆ ಉದ್ದವೆಲ್ಲಿಯದು? ವೀರಭದ್ರಪ್ಪ ಎರಡು ಕೈ ಅಗಲಿಸಿ "ಇಷ್ಟಿರಬೋದು" ಅಂದ, "ಇದರ ಒಂದೂವರೆ" ಅಂದ. ಎಂಟಡಿ ಅಂತ ಬರೆದೆ. ಅಗಲದ ಜಾಗದಲ್ಲೂ ಎಂಟಡಿ ಅಂತ ಬರೆದೆ. ಕಂಪನಿಯವರು ಇವರೇನು ಪೆಟ್ಟಿಗೆಯಲ್ಲಿ ಕೂತು ಹೋಗುತ್ತಾರೋ ಅಂದುಕೊಂಡಿರಬೇಕು. ಹಿಂದಿನ ಹಲಗೆಯ ಎತ್ತರ ಅಂದಾಗ ಸಾಹುಕಾರರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹರಿಗೋಲಿಗೆ ಹಿಂದೂ ಇಲ್ಲ, ಮುಂದೂ ಇಲ್ಲ, ಹಲಗೆಯಂತೂ ಇಲ್ಲವೇ ಇಲ್ಲ. ಪುಟದ ಮೂಲೆಯಲ್ಲಿ ಹೀಗೆ ತುಂಬಿರಿ ಎಂದು ಮಾದರಿ ಕೊಟ್ಟಿದ್ದರು. ಅದರಲ್ಲಿದ್ದ ಅಂಕಿಯನ್ನೇ ಇಳಿಸಿದೆ. ಪರೀಕ್ಷೆಯಲ್ಲಿ ಪಕ್ಕದವನದು ನೋಡಿ ಬರೆದರೆ ಹುಡುಗರ ಕಿವಿ ಹಿಂಡುತ್ತಿದ್ದ ಮೇಷ್ಟರು ನಾನೇ.

ಗಿಡಗಂಟೆ ಉಂಟೇ ಎಂಬುದಕ್ಕೆ ಸಾಹುಕಾರರಿಗೆ ಸಿಟ್ಟೇ ಬಂತು. "ಹೊಸ ಕೆರೆ, ಗಂಗೆಯಂಗೆ ಐತೆ ನೀರು. ಏನೂ ಇಲ್ಲ ಅಂತ ಬರೀರಿ." ಮುಳುಗಿದ ಹೊಲಗಳ ಜಾಲಿಯೆಲ್ಲ ನೀರಿನಡಿ ಹಾಗೇ ನಿಂತಿತ್ತು. ಇಲ್ಲ ಅಂತ ಬರೆದೆ.

ಆಮೇಲೆ ಎಷ್ಟು ಬೇಕು ಎಂಬ ಜಾಗ ಬಂತು. ಒಂದು ಎಂದು ಬರೆಯಲು ಹೊರಟವನ ಕೈಯನ್ನು ಸಾಹುಕಾರರು ಹಿಡಿದರು.

"ಒಂದಾ? ಒಂಟಿ ಎತ್ತು ಯಾರು ಹಿಡೀತಾರ್ರೀ? ಜೋಡಿ ಅಂತ ಹಾಕ್ರಿ."

"ಹೌದು, ಜೋಡಿ ಬೇಕು. ಒಂದು ಎಡಗೋಲಿಗೆ, ಒಂದು ಬಲಗೋಲಿಗೆ" ಅಂದ ವೀರಭದ್ರಪ್ಪ.

ನಮ್ಮ ಸೀಮೆಯಲ್ಲಿ ಎಳೆಯುವುದೆಲ್ಲ ಎತ್ತೇ. ನಮ್ಮಪ್ಪ ಎತ್ತು ಕೊಳ್ಳಲು ಹೋದರೆ ಮೂರು ದಿನ ಹಿಡಿಯುತ್ತಿತ್ತು. ಹಲ್ಲು ಎಣಿಸುವುದು, ಸುಳಿ ನೋಡುವುದು, ನಡಿಗೆ ನೋಡುವುದು, ಅದನ್ನು ಹೂಡಿದ ಆಳನ್ನು ಪಕ್ಕಕ್ಕೆ ಕರೆದು ಎಲೆ ಅಡಿಕೆ ಕೊಟ್ಟು ಕೇಳುವುದು. ಒಂದು ಎತ್ತಿಗೆ ಇಷ್ಟು ವಿಚಾರ ಮಾಡುವ ಜನ ನಾವು. ಅದೇ ಜನ ಮೋಟರಿಗೆ ಅರ್ಧ ಸಂಜೆಯಲ್ಲಿ ಜೋಡಿ ಅಂತ ಬರೆದುಬಿಟ್ಟೆವು, ಅದೂ ಏಳರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು. ಭಾರಕ್ಕೆ ದೊಡ್ಡ ಎತ್ತು ಬೇಕಲ್ಲ. ಜೋಡಿ ಎಂಬ ಮಾತು ಅಂದು ನನಗೂ ಎಷ್ಟು ಸರಿಯೆನಿಸಿತ್ತೆಂದರೆ, ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಒಳ್ಳೆಯ ಪದ ಹುಡುಕುತ್ತ ಮೈಮರೆತಿದ್ದೆ. ಬಾಗಿಲಲ್ಲಿ ಯಾರೋ ಕೆಮ್ಮಿದರು. ಎಡಗೈ ಎತ್ತಿದೆ. ಪದ ಸಿಕ್ಕಿತು, ಬರೆದೆ, ಮರಳು ಉದುರಿಸಿ ಶಾಯಿ ಒಣಗಿಸಿದೆ. ಅಷ್ಟು ದುಂಡಗೆ ನಾನು ನನ್ನ ಮದುವೆಯ ಲಗ್ನಪತ್ರಿಕೆಯನ್ನೂ ಬರೆದಿರಲಿಲ್ಲ.

ಪೆಟ್ಟಿಗೆಗಳು ಬರಲು ನಾಲ್ಕು ತಿಂಗಳು ಹಿಡಿಯಿತು. ಹೊಸದುರ್ಗದ ಸ್ಟೇಷನ್ನಿನಲ್ಲಿ ಇಳಿಯಬೇಕಾದವು ಚಿಕ್ಕಜಾಜೂರಿಗೆ ಹೋಗಿ ಕೂತಿದ್ದವು. ವಿಳಾಸ ಬರೆದವನು ನಾನೇ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಬ್ಯಾಟರಿಗಳದ್ದು ಬೇರೆಯೇ ಕಥೆ. ಅವಕ್ಕೆ ಕರೆಂಟು ತುಂಬಿಸಲು ಬೆಂಗಳೂರಿಗೇ ಹೋಗಬೇಕು. ಸಾಹುಕಾರರ ಆಳು ರೈಲಿನಲ್ಲೂ ಗಾಡಿಯಲ್ಲೂ ಅವುಗಳನ್ನು ತೊಡೆಗೆ ಆನಿಸಿಕೊಂಡು ತಂದ. ಒಳಗಿದ್ದ ಆಸಿಡ್ಡಿಗೆ ಅವನ ಪಂಚೆ ಜರಡಿಯಾಗಿತ್ತು. ಎತ್ತು ಇಲ್ಲಿ, ಮೇವು ಬೆಂಗಳೂರಿನಲ್ಲಿ. ಇದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಮೋಟರಿಗೆ ಪೂಜೆಯಾಯಿತು. ರೆಕ್ಕೆಗೆ ಕುಂಕುಮ, ಬುಡಕ್ಕೆ ನಿಂಬೆಹಣ್ಣು. ಸಾಹುಕಾರರು ಎರಡರ ಬೆನ್ನನ್ನೂ ಸವರಿ ನೋಡಿ, "ಸುಳಿ ಚೆನ್ನಾಗೈತೆ" ಅಂದರು. ತಮಾಷೆಗೆ ಅಂದರೆಂದು ಎಲ್ಲರೂ ನಕ್ಕೆವು. ಅವರು ನಗಲಿಲ್ಲ.

ಸೋಮವಾರ ಬೆಳಿಗ್ಗೆ ಪರೀಕ್ಷೆ. ದಡದ ತುಂಬ ಜನ. ಚಿತ್ರದಲ್ಲಿ ದೊರೆ ದೋಣಿಯ ಹಿಂದೆ ಕೂತಿದ್ದನಲ್ಲ, ಹಾಗೇ ಹರಿಗೋಲಿನ ಹಿಂದೆ ಅಂತ ನಾವೇ ಒಂದು ಕಡೆಯನ್ನು ಗೊತ್ತು ಮಾಡಿ, ಅಂಚಿಗೆ ಎರಡು ಮೋಟರನ್ನೂ ಹಗ್ಗದಿಂದ ಬಿಗಿಸಿದೆವು. ಒಳಗೆ ಬ್ಯಾಟರಿಯ ಸೀಸದ ಪೆಟ್ಟಿಗೆಗಳು. ಸಾಹುಕಾರರು ಒಂದು ಹಿಡಿ, ವೀರಭದ್ರಪ್ಪ ಇನ್ನೊಂದು ಹಿಡಿ. ಸೂಚನೆ ಓದಲು ನಾನು.

ಹನುಮಣ್ಣನನ್ನು ದಡದಲ್ಲೇ ನಿಲ್ಲಲು ಹೇಳಿದ್ದರು. ಅವನು ಮೊಣಕಾಲು ನೀರಿಗೆ ಇಳಿದು ಬಂದು ತನ್ನ ಹುಟ್ಟನ್ನು ನನ್ನ ಕೈಗೆ ಕೊಟ್ಟ. "ಇದೊಂದು ಒಳಗಿರ್ಲಿ ಸ್ವಾಮಿ."

ಸಾಹುಕಾರರ ಮುಖ ಬಿಗಿಯಿತು. "ಹೊಸ ಎತ್ತು ಕಟ್ಟಿದ ಗಾಡಿ ಹಿಂದೆ ಹಳೇ ಎತ್ತು ಕಟ್ಕಂಡು ಹೋಗ್ತಾರೇನೋ? ಕೊಟ್ಟುಬಿಡ್ರಿ ಮೇಷ್ಟ್ರೆ ಅದನ್ನ."

ಕೊಟ್ಟುಬಿಟ್ಟೆ. ಈ ಕೈಯಿಂದಲೇ.

ಮೋಟರು ಗುಂಯ್ ಎಂದವು. ಹರಿಗೋಲು ದಡ ಬಿಟ್ಟಿತು. ಜನ ಹೋ ಎಂದರು. ನಾವು ಒಂದಷ್ಟು ದೂರ ಹೋದೆವು, ಸುಳ್ಳು ಹೇಳಬಾರದು. ಆಮೇಲೆ ಹರಿಗೋಲು ತಿರುಗತೊಡಗಿತು. ನನ್ನ ಕಣ್ಣ ಮುಂದೆ ಕಟ್ಟೆ ಬಂತು, ಗುಡ್ಡ ಬಂತು, ಜನ ಬಂದರು, ಮತ್ತೆ ಕಟ್ಟೆ ಬಂತು. ದಡದವರು ಇನ್ನೂ ಚಪ್ಪಾಳೆ ಹೊಡೆಯುತ್ತಿದ್ದರು, ಕರೆಂಟಿನ ದೋಣಿ ಹೋಗುವುದೇ ಹೀಗೆ ಎಂದುಕೊಂಡು. "ಎಡಗಡೇದು ಜೋರಾತು, ಹಿಡೀರಿ ಭಾವ" ಎಂದು ವೀರಭದ್ರಪ್ಪ ಕೂಗಿದ. ಸಾಹುಕಾರರು ಹಿಡಿಯನ್ನು ಎಳೆದರು, ನಾವು ಇನ್ನೊಂದು ದಿಕ್ಕಿಗೆ ತಿರುಗಿದೆವು. ನಾನು ಸೂಚನೆಯ ಪುಟ ತಿರುವಿದೆ. ದೋಣಿ ಗಿರಗಿರ ತಿರುಗಿದರೆ ಏನು ಮಾಡಬೇಕೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಹಾಗೆ ತಿರುಗುವ ದೋಣಿಗೆ ಯಾರಾದರೂ ಮೋಟರು ಕಟ್ಟಿಯಾರು ಎಂದು ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಅಷ್ಟರಲ್ಲಿ, ಇಲ್ಲವೆಂದು ನಾನು ಬರೆದಿದ್ದ ಜಾಲಿಗೆ ಬಲಗಡೆಯ ಮೋಟರು ಸಿಕ್ಕಿ ನಿಂತಿತು. ಎಡಗಡೆಯದು ಒಂದೇ ಓಡಿತು. ಆ ರಭಸಕ್ಕೆ ಬ್ಯಾಟರಿ ಪೆಟ್ಟಿಗೆಯೊಂದು ಮಗುಚಿ, ಆಸಿಡ್ ಹರಿದು ತಳದ ಚರ್ಮಕ್ಕೆ ಇಳಿಯಿತು. ನನ್ನ ಕಾಲು ಚುರುಗುಟ್ಟಿತು. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ತಣ್ಣಗಾಯಿತು. ನೀರು ಒಳಗೆ ಬರುತ್ತಿತ್ತು. ಮೂವರಲ್ಲಿ ಒಬ್ಬರಿಗೂ ಈಜು ಬಾರದು. ಸಾಹುಕಾರರು ಶಿವಶಿವಾ ಎಂದು ಇಷ್ಟಲಿಂಗವನ್ನು ಹಿಡಿದುಕೊಂಡರು. ನಾನು ಕ್ಯಾಟಲಾಗನ್ನು ಹಿಡಿದುಕೊಂಡಿದ್ದೆ.

ಹನುಮಣ್ಣ ಆಗಲೇ ತನ್ನ ಪುಟ್ಟ ಹರಿಗೋಲಿನಲ್ಲಿ ಅರ್ಧ ದಾರಿ ಬಂದಿದ್ದ. "ಎದ್ದು ನಿಲ್ಲಬ್ಯಾಡ್ರಿ. ಕುಂತ್ಕಳ್ರಿ, ಇದ್ದಲ್ಲೇ ಕುಂತ್ಕಳ್ರಿ" ಎಂದು ಅಲ್ಲಿಂದಲೇ ಹೇಳುತ್ತಿದ್ದ. ಹತ್ತಿರ ಬಂದು ನಮ್ಮದಕ್ಕೆ ದಾಟಿ, ತಲೆಯ ವಸ್ತ್ರವನ್ನು ತೂತಿಗೆ ತುರುಕಿ, ಅದರ ಮೇಲೆ ನನ್ನ ಕಾಲನ್ನು ಹಿಡಿದು ಇಟ್ಟು, "ಇಲ್ಲಿ ಒತ್ತಿ ಹಿಡೀರಿ ಸ್ವಾಮಿ" ಅಂದ. ಆಮೇಲೆ ಓಡುತ್ತಿದ್ದ ಮೋಟರಿನ ತಂತಿ ಕಿತ್ತು, ಇನ್ನೊಂದನ್ನು ಜಾಲಿಯಿಂದ ಬಿಡಿಸಿ, ಮೋಟರು ಇಲ್ಲದ ಕಡೆ ಮಂಡಿಯೂರಿ, ಹುಟ್ಟನ್ನು ಚಾಚಿ ನೀರು ಎಳೆಯತೊಡಗಿದ. ಹರಿಗೋಲು ತಿರುಗುವುದನ್ನು ಬಿಟ್ಟು ದಡದ ಕಡೆ ಹೊರಟಿತು. ದಡದಲ್ಲಿ ಈಗ ಯಾರೂ ಚಪ್ಪಾಳೆ ಹೊಡೆಯುತ್ತಿರಲಿಲ್ಲ, ಕೆಲವರು ನಗುತ್ತಿದ್ದರು.

ಆ ನಗುವೇ ಕೆಲಸ ಕೆಡಿಸಿದ್ದು. ಮೋಟರು ಓಡಲಿಲ್ಲ, ಹಾಗಾಗಿ ಹನುಮಣ್ಣನ ಕೆಲಸ ಉಳಿಯಿತು ಎಂದು ನೀವು ಅಂದುಕೊಳ್ಳುತ್ತೀರಿ. ನಾನೂ ಅಂದುಕೊಂಡೆ. ಸಂಜೆ ಸಾಹುಕಾರರು ನನ್ನನ್ನು ಕರೆಸಿ ಎರಡು ಕಾಗದ ಬರೆಯಲು ಹೇಳಿದರು. ಒಂದು ಕಂಪನಿಗೆ, ನಿಮ್ಮ ಮೋಟರು ಕೆಟ್ಟದ್ದು ಎಂದು. ಇನ್ನೊಂದು ಗುತ್ತಿಗೆಯ ಕಚೇರಿಗೆ, ಅಂಬಿಗನು ಮೋಟರಿನ ಹಗ್ಗ ಸಡಿಲಿಸಿ ಜೀವಕ್ಕೆ ಅಪಾಯ ತಂದದ್ದರಿಂದ ಅವನನ್ನು ತೆಗೆದಿದ್ದೇವೆ ಎಂದು.

"ಅವನು ಹಗ್ಗ ಮುಟ್ಟಲಿಲ್ಲವಲ್ಲ" ಅಂದೆ.

"ನಿಮಗೆ ಹೆಂಗೆ ಗೊತ್ತು? ನೀವು ಪುಸ್ತಕ ನೋಡ್ತಿದ್ರಿ. ಬರೀರಿ."

ಬರೆದೆ. ಏಕೆ ಬರೆದೆ ಎಂದು ಕೇಳಬೇಡಿ. ಶಾಲೆಯ ಕಟ್ಟಡ ಸಾಹುಕಾರರದ್ದು, ನನ್ನ ಮನೆಯೂ ಅವರದ್ದೇ, ಇವೆಲ್ಲ ಕಾರಣಗಳೇ. ಆದರೆ ಕಾರಣ ಇದ್ದ ಮಾತ್ರಕ್ಕೆ ನಾಚಿಕೆ ಹೋಗುವುದಿಲ್ಲ. ಮೂರನೆಯ ದಿನ ಹನುಮಣ್ಣ ಚಿಕ್ಕ ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು, ಗಂಗವ್ವ ಆಡಿನ ಹಗ್ಗ ಹಿಡಿದು, ದುರ್ಗದ ರಸ್ತೆ ಹಿಡಿದರು. ದೊಡ್ಡ ಹರಿಗೋಲು ತಳ ಸುಟ್ಟು ದಡದಲ್ಲೇ ಬಿದ್ದಿತ್ತು. ಗುಡಿಸಲಿನ ಮೇಲೆ ಸೋರೆ ಬಳ್ಳಿ ಆಗಷ್ಟೇ ಹೂ ಬಿಟ್ಟಿತ್ತು. ಆ ವರ್ಷವೆಲ್ಲ ಜನ ಎರಡು ದಿನದ ದಾರಿ ಸುತ್ತಿದರು. ಮೋಟರುಗಳು ಸಾಹುಕಾರರ ಅಟ್ಟ ಸೇರಿದವು. ಅವುಗಳ ಹಿತ್ತಾಳೆ ರೆಕ್ಕೆಯೊಂದನ್ನು ಅವರ ಮನೆಯಲ್ಲಿ ಬೆಕ್ಕು ಬಾಯಿ ಹಾಕದಂತೆ ಮೊಸರಿನ ಗಡಿಗೆಯ ಮುಚ್ಚಳದ ಮೇಲೆ ಭಾರಕ್ಕೆ ಇಡುತ್ತಿದ್ದರು. ಅದೊಂದು ಕೆಲಸವನ್ನು ಅದು ಚೆನ್ನಾಗಿ ಮಾಡಿತು.

ಆರೇಳು ವರ್ಷದ ಮೇಲೆ, ನಾನು ಕೆಲವು ಕಾಲ ಹೊಳಲ್ಕೆರೆಗೆ ವರ್ಗವಾಗಿ ಹೋಗಿದ್ದಾಗ, ಹರಿಹರದ ಆಚೆ ಒಂದು ಹಳ್ಳಿಗೆ ಮದುವೆಗೆ ಹೋಗಬೇಕಾಯಿತು. ಹೊಳೆ ದಾಟಬೇಕಿತ್ತು. ಕಡವಿನಲ್ಲಿ ಕೂಗಿದೆ. ಬಂದವನು ಹನುಮಣ್ಣ. ಕೂದಲು ಬೆಳ್ಳಗಾಗಿತ್ತು. ಹರಿಗೋಲು ತಮ್ಮನದಂತೆ, ತಮ್ಮ ಊಟಕ್ಕೆ ಹೋದಾಗ ಇವನು ಹುಟ್ಟು ಹಾಕುವುದಂತೆ. ನನ್ನನ್ನು ಗುರುತು ಹಿಡಿದು, "ಬರ್ರಿ ಸ್ವಾಮಿ, ಜ್ವಾಕಿ" ಎಂದು ಕೈ ಕೊಟ್ಟು ಹತ್ತಿಸಿಕೊಂಡ.

ಅರ್ಧ ಹೊಳೆಗೆ ಬಂದಿದ್ದೆವು. ಅವನೇ ಕೇಳಿದ. "ಆ ಮೋಟರು ಏನಾತು ಸ್ವಾಮಿ?"

"ಅಟ್ಟದ ಮೇಲಿದೆ."

"ಅಯ್ಯ, ಯಾಕೆ? ಮುಂದ್ಗಡೆ ಕಟ್ಟಿದ್ರೆ ಓಡ್ತಿತ್ತಲ್ಲ." ಹುಟ್ಟನ್ನು ಚಾಚಿ ಎಳೆದು ತೋರಿಸಿದ. "ಬುಟ್ಟೀನ ಹಿಂದಿಂದ ನೂಕಿದ್ರೆ ತಿರುಗ್ತೈತೆ. ಮುಂದ್ಗಡೆ ಒಂದೇ ಒಂದು ಕಟ್ಟಿ, ಹಿಡಿ ಕೈಯಾಗೆ ಇಟ್ಕಂಡು, ಹಿಂಗೆ ಅತ್ತ ಒಂದ್ಸಲ ಇತ್ತ ಒಂದ್ಸಲ ತಿರುವಿಕ್ಯಂತ ಹೋಗಬೇಕು. ಸಣ್ಣದೇ ಸಾಕಿತ್ತು. ಜೋಡಿ ಯಾಕೆ ಬೇಕಿತ್ತು? ಜಾಲಿ ಇದ್ದ ಕಡೆ ಎತ್ತಿ ಹಿಡೀಬೇಕು, ಅಷ್ಟೇಯ."

ನನಗೆ ಸಿಟ್ಟು ಬಂತು. ಅವನ ಮೇಲೆ. ನಾನು ಇಷ್ಟು ವರ್ಷ ಸಾಹುಕಾರರ ಮೇಲೆ, ಕ್ಯಾಟಲಾಗಿನ ಮೇಲೆ, ನನ್ನ ಮೇಲೆ ಉರಿದುಕೊಂಡಿರುವಾಗ ಈ ಮನುಷ್ಯ ಇಲ್ಲಿ ಕೂತು ಮೋಟರು ಓಡಿಸುವುದು ಹೇಗೆಂದು ನನಗೆ ಪಾಠ ಹೇಳುತ್ತಿದ್ದಾನೆ.

"ಇದು ನಿನಗೆ ಯಾವಾಗ ಹೊಳೀತು?" ಅಂದೆ.

"ಅವತ್ತೇ. ಅಂಗಡೀಲಿ ಚಿತ್ರ ತೋರ್ಸಿದ್ರಲ್ಲ, ಅವತ್ತೇಯ."

"ಮತ್ತೆ ಹೇಳಬೇಕೋ ಬೇಡವೋ? ಬಾಯಿಗೆ ಏನಾಗಿತ್ತು ನಿನಗೆ?" ಜೋರಾಗಿಯೇ ಕೇಳಿದೆ. ಆಮೇಲೆ ನಾನೇ ಯೋಚಿಸಿ ತಣ್ಣಗಾದೆ. "ಹೇಳಿದ್ದರೆ ನಿನ್ನ ಕೆಲಸವೇ ಹೋಗುತ್ತಿತ್ತು. ಯಾಕೆ ಹೇಳುತ್ತೀಯ, ನಿನ್ನದೇನೂ ತಪ್ಪಿಲ್ಲ."

ಅವನು ಹುಟ್ಟು ನಿಲ್ಲಿಸಿ ನನ್ನನ್ನೇ ನೋಡಿದ. "ಹೇಳಾಕೆ ಬಂದಿದ್ನಲ್ಲ ಸ್ವಾಮಿ. ಅದು ಬಂದು ತಿರುಗಿದ್ರೆ ಜನ ಸಾಯ್ತಾರೆ. ನನ್ನ ಕೆಲಸ ಹೋದ್ರೆ ಹೋಗ್ಲಿ, ಹೇಳಾನ ಅಂತ ಅಂಗಡಿ ಬಾಗಿಲಿಗೆ ಬಂದೆ. ನೀವು ಬರೀತಿದ್ರಿ. ಕೆಮ್ಮಿದೆ. ನೀವು ಹಿಂಗೆ ಅಂದ್ರಿ."

ಹುಟ್ಟನ್ನು ತೊಡೆಯ ಮೇಲಿಟ್ಟು, ತಲೆ ಎತ್ತದೆ, ಎಡಗೈ ಮೇಲೆತ್ತಿ ಅಂಗೈ ತೋರಿಸಿದ.

"ಇದ್ದೆ ಸ್ವಾಮಿ. ದೀಪ ಹಚ್ಚೋ ಗಂಟ ಇದ್ದೆ. ನೀವು ಆ ಕಡೆ ಬಾಗಿಲಿಂದ ಹೋಗಿಬಿಟ್ಟಿದ್ರಿ."

ದಡ ಬಂತು. ಅವನು ಕೈ ಕೊಟ್ಟು ಇಳಿಸಿದ. ಮದುವೆಯ ಮನೆಯಲ್ಲಿ ಏನು ಉಂಡೆನೋ ನನಗೆ ನೆನಪಿಲ್ಲ.

ಇಷ್ಟನ್ನೂ ಚನ್ನಬಸಪ್ಪನಿಗೆ ಹೇಳಲಿಲ್ಲ. "ನಿನ್ನ ಬಾವೀಲಿ ಕಪಿಲೆ ಹೊಡೆದು ನೀರೆತ್ತುವವನು ಯಾರು?" ಎಂದಷ್ಟೇ ಕೇಳಿದೆ. "ಬೊಮ್ಮ" ಅಂದ ಚನ್ನಬಸಪ್ಪ. ಇಪ್ಪತ್ತು ವರ್ಷದಿಂದ ಅವನೇ ಅಂತೆ. "ಅವನನ್ನು ಕಳಿಸು, ಅವನು ಬಂದು ಬಾವಿಯ ವಿಷಯ ಹೇಳದ ಹೊರತು ನಾನು ಈ ಪುಸ್ತಕ ಮುಟ್ಟುವುದಿಲ್ಲ" ಅಂದೆ. "ಅವನಿಗೇನು ಗೊತ್ತಾಗ್ತೈತ್ರಿ, ಅವನಿಗೆ ಸಹಿ ಹಾಕಾಕೂ ಬರಲ್ಲ" ಎಂದು ಚನ್ನಬಸಪ್ಪ ನಕ್ಕ. ನಾನು ಬೈದೆ. ಮುನಿಸಿಕೊಂಡೇ ಹೋದ, ಆದರೂ ಬೊಮ್ಮನನ್ನು ಕಳಿಸುವುದಾಗಿ ಹೇಳಿ ಹೋದ. ಗೆದ್ದೆ ಎಂದು ಹೆಂಡತಿಯ ಮುಂದೆ ಹೇಳಿಕೊಂಡೆ. ಆ ಹುರುಪಿನಲ್ಲಿಯೇ ಈ ಬೆಳಿಗ್ಗೆ ಇದನ್ನೆಲ್ಲ ಬರೆಯಲು ಕೂತೆ.

ಹನುಮಣ್ಣ ಕೈ ಎತ್ತಿ ತೋರಿಸಿದ ಭಾಗವನ್ನು ಬರೆಯುತ್ತಿದ್ದೆ. ಒಂದು ಪದ ಸಿಗುತ್ತಿರಲಿಲ್ಲ. ಒಳಗಿನಿಂದ ಹೆಂಡತಿ ಬಂದು, "ಆ ಮನುಷ್ಯನನ್ನು ಎಷ್ಟು ಹೊತ್ತು ನಿಲ್ಲಿಸಿಕೊಳ್ಳುತ್ತೀರಿ?" ಎಂದಳು. ತಲೆ ಎತ್ತಿ ನೋಡಿದೆ. ಬಾಗಿಲಲ್ಲಿ ಆದಿವಾಲದ ಬೊಮ್ಮ ವಸ್ತ್ರವನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ. ನನ್ನ ಎಡಗೈ ಮೇಲೇ ಇತ್ತು.